ನೆಟ್ಟಗೆ ನಿಲ್ಲುವುದರ ಭೌತಶಾಸ್ತ್ರ: ಭಂಗಿದೋಷಗಳ ಪತ್ತೆ ಮತ್ತು ಪರಿಹಾರ

ಬೈಲಹೊಂಗಲದ ಎರೆ ಹೊಲಗಳಲ್ಲಿ ಉಡಿ ಕಟ್ಟಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಕಿತ್ತೂರು ಕಡೆಯ ಗದ್ದೆಗಳಲ್ಲಿ ಸೊಂಟ ಬಾಗಿಸಿ ಕಸ ತೆಗೆಯುವವರು, ರಾಮದುರ್ಗದಲ್ಲಿ ಮಗ್ಗದ ಮುಂದೆ ದಿನವಿಡೀ ಕೂರುವ ನೇಕಾರರು, ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯರು - ಇವರೆಲ್ಲರ ಬೆನ್ನುಮೂಳೆಯ ರಚನೆ ಒಂದೇ. ಅದರ ಮೇಲೆ ಬೀಳುವ ಬಲಗಳು ಮಾತ್ರ ಬೇರೆ ಬೇರೆ. ಇಂತಹ ಮನೆಗಳಿಂದ ಬಂದ ಮಕ್ಕಳೇ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ನಿಮ್ಮೆದುರು ಕುಳಿತಿದ್ದಾರೆ.

ಬೆಳಗಿನ ಪ್ರಾರ್ಥನೆಯ ಸಾಲನ್ನು ಒಮ್ಮೆ ಪಕ್ಕದಿಂದ ನೋಡಿ. ಒಬ್ಬ ಹುಡುಗನ ತಲೆ ಭುಜಕ್ಕಿಂತ ಮುಂದೆ ಚಾಚಿರುತ್ತದೆ. ಇನ್ನೊಬ್ಬನ ಬೆನ್ನು ಗೂನಾಗಿರುತ್ತದೆ. ಒಬ್ಬ ಹುಡುಗಿಯ ಒಂದು ಭುಜ ಮೇಲೆ, ಇನ್ನೊಂದು ಕೆಳಗೆ. ಮತ್ತೊಬ್ಬಳ ಮೊಣಕಾಲುಗಳು ಒಂದಕ್ಕೊಂದು ತಾಕುತ್ತವೆ. "ನೆಟ್ಟಗೆ ನಿಲ್ಲು" ಎಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಗದರಿಸುವುದು ರೂಢಿ. ಆದರೆ ಈ ನಾಲ್ವರಲ್ಲಿ ಕೆಲವರು ಮನಸ್ಸು ಮಾಡಿದರೆ ನೆಟ್ಟಗಾಗಬಲ್ಲರು. ಕೆಲವರು ಎಷ್ಟೇ ಪ್ರಯತ್ನಿಸಿದರೂ ಆಗಲಾರರು. ಮೊದಲನೆಯವರಿಗೆ ಬೇಕಾದದ್ದು ವ್ಯಾಯಾಮ ಮತ್ತು ಅಭ್ಯಾಸ, ಎರಡನೆಯವರಿಗೆ ಬೇಕಾದದ್ದು ವೈದ್ಯರು. ಅದೂ ಬೆಳವಣಿಗೆ ನಿಲ್ಲುವುದಕ್ಕೆ ಮೊದಲು. ಈ ಎರಡು ಗುಂಪುಗಳನ್ನು ಬೇರ್ಪಡಿಸುವುದು ಹೇಗೆ? ಅದಕ್ಕೆ ಒಂದು ದಾರ, ಒಂದು ಕಲ್ಲು, ಒಂದು ಅಳತೆ ಪಟ್ಟಿ ಮತ್ತು ಸ್ವಲ್ಪ ಭೌತಶಾಸ್ತ್ರ ಸಾಕು.

ಹಗ್ಗ ಕಟ್ಟಿದ ಕಂಬ

ನಮ್ಮ ಬೆನ್ನುಕಂಬದಲ್ಲಿ ಚಲಿಸಬಲ್ಲ ಕಶೇರುಮಣಿಗಳು 24. ಬಹುತೇಕ ಮಣಿಗಳ ನಡುವೆ ಮೆತ್ತನೆಯ ತಟ್ಟೆಗಳಿವೆ. ಹುಟ್ಟಿದ ಮಗುವಿನ ಬೆನ್ನು ಒಂದೇ ಬಾಗಿನ ಕಮಾನಿನಂತಿರುತ್ತದೆ. ಮಗು ತಲೆ ಎತ್ತಲು ಕಲಿತಾಗ ಕತ್ತಿನಲ್ಲಿ ಒಳಬಾಗು, ನಿಂತು ನಡೆಯತೊಡಗಿದಾಗ ಸೊಂಟದಲ್ಲಿ ಇನ್ನೊಂದು ಒಳಬಾಗು ಸ್ಪಷ್ಟವಾಗುತ್ತದೆ. ಎದೆಯ ಭಾಗದಲ್ಲಿ ಹೊರಬಾಗು ಉಳಿಯುತ್ತದೆ. ಆದ್ದರಿಂದ 'ನೆಟ್ಟನೆಯ ಬೆನ್ನು' ಎಂದರೆ ಕೋಲಿನಂತೆ ನೇರವಾದ ಬೆನ್ನಲ್ಲ. ಪಕ್ಕದಿಂದ ನೋಡಿದಾಗ ಈ ಬಾಗುಗಳು ಹದವಾಗಿಯೂ, ಹಿಂದಿನಿಂದ ನೋಡಿದಾಗ ಕಂಬ ನೇರವಾಗಿಯೂ ಇರಬೇಕು.

ಈ ಕಂಬ ತನ್ನಷ್ಟಕ್ಕೆ ತಾನೇ ಎಷ್ಟು ಭಾರ ಹೊರಬಲ್ಲದು? 1961ರಲ್ಲಿ ಲೂಕಸ್ ಮತ್ತು ಬ್ರೆಸ್ಲರ್ ಎಂಬ ಸಂಶೋಧಕರು ಸ್ನಾಯುಗಳನ್ನು ತೆಗೆದು, ಎಲುಬು ಮತ್ತು ಅಸ್ಥಿರಜ್ಜುಗಳನ್ನಷ್ಟೇ ಉಳಿಸಿಕೊಂಡ ಬೆನ್ನುಕಂಬದ ಮೇಲೆ ಭಾರವಿಟ್ಟು ನೋಡಿದರು. ಸುಮಾರು 20 ನ್ಯೂಟನ್, ಅಂದರೆ 2 ಕಿ.ಗ್ರಾಂ. ಭಾರಕ್ಕೇ ಅದು ಪಕ್ಕಕ್ಕೆ ಬಾಗಿ ಕುಸಿಯಿತು. ನಮ್ಮ ತಲೆಯೊಂದೇ 4ರಿಂದ 5 ಕಿ.ಗ್ರಾಂ. ತೂಗುತ್ತದೆ! ಹಾಗಿದ್ದರೂ ನಾವು ನಿಲ್ಲುತ್ತೇವೆ, ಚೀಲ ಹೊರುತ್ತೇವೆ. ಎತ್ತರದ ಕಂಬವನ್ನು ಸುತ್ತಲೂ ಎಳೆದು ಕಟ್ಟಿದ ಹಗ್ಗಗಳು ನಿಲ್ಲಿಸುವಂತೆ ನಮ್ಮ ಬೆನ್ನನ್ನು ಹಿಂದೆ, ಮುಂದೆ ಮತ್ತು ಪಕ್ಕಗಳಲ್ಲಿರುವ ಸ್ನಾಯುಗಳು ನಿಲ್ಲಿಸುತ್ತವೆ. ಒಂದು ಬದಿಯ ಹಗ್ಗ ಸಡಿಲವಾಗಿ, ಎದುರಿನದು ಬಿಗಿಯಾದರೆ ಕಂಬ ವಾಲುತ್ತದೆ. ಬಹುಪಾಲು ಭಂಗಿದೋಷಗಳ ಮೂಲ ಇಷ್ಟೇ. ಕಂಬ ಸರಿಯಿದೆ, ಹಗ್ಗಗಳ ಎಳೆತ ಸರಿಯಿಲ್ಲ.

ಸನ್ನೆಯ ಲೆಕ್ಕ

ಪ್ರೌಢಶಾಲೆಯಲ್ಲಿ ಕಲಿಸುವ ಸನ್ನೆಯ ನಿಯಮವನ್ನು ಇಲ್ಲಿ ಬಳಸೋಣ. ಆಧಾರ ಬಿಂದುವಿನ ಒಂದು ಕಡೆಯ ಭಾರ ಮತ್ತು ದೂರದ ಗುಣಲಬ್ಧ, ಇನ್ನೊಂದು ಕಡೆಯ ಬಲ ಮತ್ತು ದೂರದ ಗುಣಲಬ್ಧಕ್ಕೆ ಸಮ.

ತಲೆಯ ತೂಕ 4.5 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ನೆಟ್ಟಗೆ ಕುಳಿತಾಗ ಅದರ ಗುರುತ್ವ ಕೇಂದ್ರ ಆಧಾರ ಬಿಂದುವಿಗಿಂತ ಸುಮಾರು 2 ಸೆಂ.ಮೀ. ಮುಂದಿರುತ್ತದೆ. ಕತ್ತಿನ ಹಿಂಭಾಗದ ಸ್ನಾಯುಗಳು 5 ಸೆಂ.ಮೀ. ಹಿಂದಿನಿಂದ ಎಳೆಯುತ್ತವೆ ಎಂದುಕೊಂಡರೆ, ಬೇಕಾಗುವ ಬಲ (4.5 × 2) ÷ 5 = 1.8 ಕಿ.ಗ್ರಾಂ. ಭಾರ. ಈಗ ತೊಡೆಯ ಮೇಲಿನ ಪುಸ್ತಕಕ್ಕೋ ಮೊಬೈಲಿಗೋ ತಲೆ ಬಗ್ಗಿಸಿ. ಕತ್ತಿನ ಬುಡವನ್ನು ಆಧಾರ ಬಿಂದುವಾಗಿ ತೆಗೆದುಕೊಂಡರೆ ಗುರುತ್ವ ಕೇಂದ್ರ ಸುಮಾರು 10 ಸೆಂ.ಮೀ. ಮುಂದೆ ಹೋಗುತ್ತದೆ. ಸ್ನಾಯುಬಲ (4.5 × 10) ÷ 5 = 9 ಕಿ.ಗ್ರಾಂ. ಭಾರ. ತಲೆಯ ತೂಕ ಹೆಚ್ಚಲಿಲ್ಲ, ಸ್ನಾಯುಗಳ ದುಡಿಮೆ ಮಾತ್ರ ಐದು ಪಟ್ಟಾಯಿತು.

ಇನ್ನು ನೆಲದ ಮೇಲಿನ 15 ಕಿ.ಗ್ರಾಂ. ನೀರಿನ ಕೊಡವನ್ನು ಸೊಂಟ ಬಗ್ಗಿಸಿ, ಕೈ ಚಾಚಿ ಎತ್ತುವುದನ್ನು ನೋಡಿ. ಕೊಡ ಬೆನ್ನುಕಂಬದಿಂದ 50 ಸೆಂ.ಮೀ. ದೂರವಿದ್ದರೆ, 5 ಸೆಂ.ಮೀ. ಹಿಂದಿರುವ ಬೆನ್ನುಸ್ನಾಯುಗಳು (15 × 50) ÷ 5 = 150 ಕಿ.ಗ್ರಾಂ. ಭಾರದಷ್ಟು, ಅಂದರೆ ಹೆಚ್ಚುಕಡಿಮೆ 1,470 ನ್ಯೂಟನ್ ಬಲದಿಂದ ಎಳೆಯಬೇಕು. ಬಾಗಿದ ಮುಂಡದ ಭಾರವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದೇ ಇಲ್ಲ. ಅದೇ ಕೊಡವನ್ನು ಮೊಣಕಾಲು ಮಡಚಿ, ಮೈಗೆ ಹತ್ತಿರ ತಂದು 25 ಸೆಂ.ಮೀ. ದೂರದಲ್ಲಿ ಎತ್ತಿದರೆ ಬಲ ಅರ್ಧಕ್ಕಿಳಿಯುತ್ತದೆ. 'ಭಾರವನ್ನು ಮೈಗೆ ಹತ್ತಿರ ಹಿಡಿ' ಎಂಬ ಉಪದೇಶದ ಹಿಂದಿರುವುದು ಈ ಲೆಕ್ಕವೇ. ಈ ಅಂಕಿಗಳು ಸರಳಗೊಳಿಸಿದ ಮಾದರಿಯವು. ದೇಹದಲ್ಲಿ ಸ್ನಾಯುಗಳು ಓರೆಯಾಗಿಯೂ ಎಳೆಯುತ್ತವೆ. ಆದರೂ ಪ್ರಮಾಣದ ಅಂದಾಜು ಸಿಗುತ್ತದೆ.

ತಲೆಯ ಮೇಲೆ ಕೊಡ ಹೊತ್ತವರಲ್ಲಿ ಭಾರದ ಲಂಬರೇಖೆ ಬೆನ್ನುಕಂಬದ ಸನಿಹದಲ್ಲೇ ಇಳಿಯುತ್ತದೆ. ದೂರ ಸೊನ್ನೆಗೆ ಹತ್ತಿರವಾದ್ದರಿಂದ ತಿರುಗಿಸುವ ಬಲವೂ ಸೊನ್ನೆಗೆ ಹತ್ತಿರ. ಜೋಗತಿಯರ ನಡಿಗೆ ಅಷ್ಟು ನೆಟ್ಟಗಿರುವುದಕ್ಕೆ ಇದೇ ಕಾರಣ. ಅವರು ತುಸು ವಾಲಿದರೂ ಕೊಡ ಉರುಳುತ್ತದೆ. ಕೀನ್ಯಾದ ಕೆಲವು ಬುಡಕಟ್ಟುಗಳ ಮಹಿಳೆಯರು ದೇಹತೂಕದ ಐದನೆಯ ಒಂದು ಭಾಗದವರೆಗಿನ ಹೊರೆಯನ್ನು ಹೆಚ್ಚಿನ ಶಕ್ತಿ ವ್ಯಯಿಸದೆ ಹೊರುತ್ತಾರೆಂದು 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಗಿತ್ತು. ಆದರೆ ಇದರಿಂದ ತಲೆಹೊರೆ ನಿರಪಾಯಕಾರಿ ಎಂದು ತಿಳಿಯಬೇಡಿ. ತಿರುಗಿಸುವ ಬಲ ಇಲ್ಲದಿದ್ದರೂ ಇಡೀ ಭಾರ ಕತ್ತಿನ ಮಣಿಗಳನ್ನು ಒತ್ತುತ್ತದೆ. ಬೆಳೆಯುವ ಮಕ್ಕಳ ತಲೆಯ ಮೇಲೆ ಕಬ್ಬಿನ ಹೊರೆಯನ್ನೋ ಕಟ್ಟಿಗೆಯನ್ನೋ ಹೇರುವುದು ತಕ್ಕದ್ದಲ್ಲ.

ದಾರ ಮತ್ತು ಕಲ್ಲು

ಗೋಡೆ ಕಟ್ಟುವ ಗೌಂಡಿ ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಡುವುದನ್ನು ನೀವು ಕಂಡಿದ್ದೀರಿ. ಅದನ್ನೇ ತರಗತಿಯ ಬಾಗಿಲ ಚೌಕಟ್ಟಿನಿಂದ ಇಳಿಬಿಡಿ. ಮಗುವನ್ನು ಬರಿಗಾಲಲ್ಲಿ, ದಾರಕ್ಕೆ ಪಕ್ಕವಾಗಿ ನಿಲ್ಲಿಸಿ. ದಾರವು ಹಿಮ್ಮಡಿಯ ಗಂಟೆಲುಬಿನ ಸ್ವಲ್ಪ ಮುಂದೆ ಇರಲಿ. ಅಲ್ಲಿಂದ ಮೇಲೆ ನೋಡುತ್ತ ಹೋದರೆ ದಾರವು ಮೊಣಕಾಲಿನ ಕೀಲಿನ ತುಸು ಮುಂದೆ, ಸೊಂಟದ ಕೀಲು ಮತ್ತು ಭುಜದ ಕೀಲಿನ ನಡುವೆ ಹಾದು ಕಿವಿಯ ಬಳಿ ಮುಗಿಯಬೇಕು. ಕಿವಿ ದಾರಕ್ಕಿಂತ ಬಹಳ ಮುಂದಿದ್ದರೆ ಮುಂಚಾಚಿದ ತಲೆ. ಎದೆಯ ಹಿಂಭಾಗ ಉಬ್ಬಿ ಭುಜ ಮುಂದೆ ಬಾಗಿದ್ದರೆ ಗೂನುಬೆನ್ನು, ಇದಕ್ಕೆ ಕೈಫೋಸಿಸ್ ಎಂದು ಹೆಸರು. ಹೊಟ್ಟೆ ಮುಂದೆ ಬಂದು ಸೊಂಟದ ಒಳಬಾಗು ಆಳವಾಗಿದ್ದರೆ ಲಾರ್ಡೋಸಿಸ್. ಸಾವಧಾನ್ ಭಂಗಿಯಲ್ಲಿ ಎದೆಯನ್ನು ಅತಿಯಾಗಿ ಉಬ್ಬಿಸಿ ನಿಲ್ಲುವ ಮಕ್ಕಳಲ್ಲಿ ಸೊಂಟದ ಈ ಬಾಗು ಹೆಚ್ಚಾಗಿಯೇ ಕಾಣುತ್ತದೆ. ಆದ್ದರಿಂದ ನೋಡುವಾಗ ಮಗು ಸಹಜವಾಗಿ ನಿಂತಿರಲಿ.

ಈಗ ದಾರವನ್ನು ಮಗುವಿನ ಬೆನ್ನ ಹಿಂದೆ ಹಿಡಿಯಿರಿ. ಮೇಲ್ತುದಿ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮಣಿಯ ಮೇಲಿರಲಿ. ಗುಂಡು ಪೃಷ್ಠದ ನಡುಗೆರೆಗೆ ನೇರವಾಗಿ ನಿಲ್ಲಬೇಕು. ಎರಡು ಭುಜ, ಎರಡು ಹೆಗಲೆಲುಬು, ಸೊಂಟದ ಎರಡು ಬದಿ - ಇವು ಸಮಮಟ್ಟದಲ್ಲಿವೆಯೇ ನೋಡಿ. ಇಲ್ಲದಿದ್ದರೆ ಬೆನ್ನು ಪಕ್ಕಕ್ಕೆ ಬಾಗಿರಬಹುದು. ಇದೇ ಸ್ಕೋಲಿಯೋಸಿಸ್.

ತಾನಾಗಿ ನೇರವಾಗುತ್ತದೆಯೇ?

ದಾರ ತೋರಿಸುವುದು ವಾಲುವಿಕೆಯನ್ನು ಮಾತ್ರ. ಅದರ ಬಗೆಯನ್ನು ತಿಳಿಯಲು ಇನ್ನೊಂದು ಪ್ರಶ್ನೆ ಕೇಳಬೇಕು: ದೇಹದ ಸ್ಥಿತಿ ಬದಲಿಸಿದಾಗ ದೋಷ ಮಾಯವಾಗುತ್ತದೆಯೇ? ಮಾಯವಾದರೆ ಅದು ಕ್ರಿಯಾತ್ಮಕ ದೋಷ, ಅಂದರೆ ಹಗ್ಗದ ದೋಷ. ಉಳಿದರೆ ರಚನಾತ್ಮಕ ದೋಷ, ಅಂದರೆ ಕಂಬದ ದೋಷ. ಇದನ್ನು ಪರೀಕ್ಷಿಸುವ ಬಗೆ ಹೀಗೆ:

1. ಗೂನುಬೆನ್ನು: ಮಗುವನ್ನು ಬೋರಲು ಮಲಗಿಸಿ, ಕೈಗಳನ್ನು ಬೆನ್ನ ಹಿಂದಿಟ್ಟು ಎದೆ ಎತ್ತಲು ಹೇಳಿ. ಗೂನು ಚಪ್ಪಟೆಯಾದರೆ ಅದು ಅಭ್ಯಾಸದ ಗೂನು. ಆಗದಿದ್ದರೆ ವೈದ್ಯರು ನೋಡಬೇಕು.

2. ಪಾರ್ಶ್ವಬಾಗು: ಮಗು ಪಾದ ಜೋಡಿಸಿ, ಮೊಣಕಾಲು ಮಡಚದೆ, ಅಂಗೈಗಳನ್ನು ಸೇರಿಸಿ ನೆಲದತ್ತ ಬಾಗಲಿ. ನೀವು ಹಿಂದೆ ಕುಳಿತು ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಎರಡೂ ಬದಿ ಸಮವಾಗಿದ್ದರೆ ನಿಂತಾಗ ಕಂಡ ಓರೆ ಬಹುಮಟ್ಟಿಗೆ ಅಭ್ಯಾಸದ್ದು, ಇಲ್ಲವೇ ಕಾಲುಗಳ ಉದ್ದದ ವ್ಯತ್ಯಾಸದ್ದು. ಒಂದು ಬದಿಯ ಪಕ್ಕೆಲುಬು ದಿಬ್ಬದಂತೆ ಎದ್ದರೆ ಮಣಿಗಳು ಬಾಗುವುದರ ಜೊತೆಗೆ ತಿರುಚಿಕೊಂಡಿವೆ ಎಂದರ್ಥ. ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬೆನ್ನಿನ ಮೇಲೆ ಅಡ್ಡಲಾಗಿ ಅಳತೆ ಪಟ್ಟಿ ಇಟ್ಟರೆ ಅದು 7 ಡಿಗ್ರಿಯಷ್ಟು ವಾಲಿದರೂ, ಅಂದರೆ 20 ಸೆಂ.ಮೀ. ಅಗಲದಲ್ಲಿ ಸುಮಾರು 2.5 ಸೆಂ.ಮೀ. ಏರಿಳಿತ ಕಂಡರೂ, ತಡಮಾಡದೆ ವೈದ್ಯರಲ್ಲಿಗೆ ಕಳಿಸಬೇಕು.

3. ಚಪ್ಪಟೆ ಪಾದ: ಒದ್ದೆ ಪಾದವನ್ನು ಒಣನೆಲದ ಮೇಲೆ ಊರಿಸಿ. ಒಳಬದಿಯ ಕಮಾನು ಅಚ್ಚಿನಲ್ಲಿ ಕಾಣದಿದ್ದರೆ ತುದಿಗಾಲಲ್ಲಿ ನಿಲ್ಲಲು ಹೇಳಿ. ಆಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ ಚಿಂತೆ ಬೇಡ. ಚಿಕ್ಕ ಮಕ್ಕಳಲ್ಲಿ ಕಮಾನು ನಿಧಾನವಾಗಿ ಬೆಳೆಯುತ್ತದೆ. ತುದಿಗಾಲಲ್ಲೂ ಚಪ್ಪಟೆಯಾಗಿದ್ದು ಬಿಗಿಯಾಗಿದ್ದರೆ ತೋರಿಸಬೇಕು.

4. ಮೊಣಕಾಲು: ಎರಡು ವರ್ಷದೊಳಗಿನ ಮಕ್ಕಳ ಕಾಲು ಬಿಲ್ಲಿನಂತೆ ಹೊರಬಾಗಿರುವುದೂ, ಮೂರು-ನಾಲ್ಕನೆಯ ವಯಸ್ಸಿನಲ್ಲಿ ಮೊಣಕಾಲು ಒಂದಕ್ಕೊಂದು ತಾಕುವುದೂ ಸಹಜ. ಏಳರ ಹೊತ್ತಿಗೆ ಇವು ಬಹುಮಟ್ಟಿಗೆ ಸರಿಹೋಗುತ್ತವೆ. ಅದಾದ ಮೇಲೂ ಮೊಣಕಾಲು ಜೋಡಿಸಿ ನಿಂತಾಗ ಹರಡುಗಳ ನಡುವೆ 8 ಸೆಂ.ಮೀ.ಗಿಂತ ಹೆಚ್ಚು ಅಂತರ ಉಳಿದರೆ, ಅಥವಾ ಒಂದೇ ಕಾಲು ಬಾಗಿದ್ದರೆ ವೈದ್ಯಕೀಯ ಪರೀಕ್ಷೆ ಅಗತ್ಯ.

ಹೆಣ್ಣುಮಕ್ಕಳ ಪರೀಕ್ಷೆಯನ್ನು ಶಿಕ್ಷಕಿಯರೇ, ಪ್ರತ್ಯೇಕ ಕೋಣೆಯಲ್ಲಿ, ತೆಳು ಅಂಗಿಯ ಮೇಲೆಯೇ ಮಾಡಲಿ. ಕಂಡದ್ದನ್ನು ತರಗತಿಯ ಎದುರು ಹೇಳಬಾರದು. 'ಗೂನ' ಎಂಬ ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಮಗು ಬೆನ್ನನ್ನು ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

ಬೆಳೆಯುವ ಎಲುಬಿಗೆ ಏಕೆ ಅವಸರ?

ಎಲುಬು ಜಡವಸ್ತುವಲ್ಲ. ತನ್ನ ಮೇಲೆ ಬೀಳುವ ಬಲಕ್ಕೆ ತಕ್ಕಂತೆ ಅದು ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಜೂಲಿಯಸ್ ವೂಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಮಕ್ಕಳ ಎಲುಬುಗಳಲ್ಲಿ ಇದರ ಜೊತೆಗೆ ಬೆಳವಣಿಗೆಯ ಫಲಕಗಳೆಂಬ ಮೃದ್ವಸ್ಥಿಯ ಪದರಗಳಿವೆ. ಇವು ಅತಿಯಾದ ಒತ್ತಡದಲ್ಲಿ ನಿಧಾನವಾಗಿಯೂ ಒತ್ತಡ ಕಡಿಮೆಯಾದಲ್ಲಿ ವೇಗವಾಗಿಯೂ ಬೆಳೆಯುತ್ತವೆ. ಇದಕ್ಕೆ ಹ್ಯೂಟರ್-ವೋಕ್‌ಮನ್ ನಿಯಮ ಎನ್ನುತ್ತಾರೆ.

ಇದರ ಪರಿಣಾಮವನ್ನು ಊಹಿಸಿ. ಬೆನ್ನು ಎಡಕ್ಕೆ ಬಾಗಿದೆ ಎಂದುಕೊಳ್ಳಿ. ಬಾಗಿನ ಒಳಬದಿಯಲ್ಲಿ ಒತ್ತಡ ಹೆಚ್ಚು, ಅಲ್ಲಿ ಬೆಳವಣಿಗೆ ಕಡಿಮೆ. ಹೊರಬದಿ ಹೆಚ್ಚು ಬೆಳೆಯುತ್ತದೆ. ಮಣಿ ಬೆಣೆಯ ಆಕಾರ ತಳೆಯುತ್ತದೆ, ಬಾಗು ಹೆಚ್ಚುತ್ತದೆ, ಒಳಬದಿಯ ಒತ್ತಡ ಮತ್ತಷ್ಟು ಏರುತ್ತದೆ. ಹೆಣ್ಣುಮಕ್ಕಳು ಸುಮಾರು 10ರಿಂದ 14, ಗಂಡುಮಕ್ಕಳು 12ರಿಂದ 16ರ ವಯಸ್ಸಿನಲ್ಲಿ ಥಟ್ಟನೆ ಎತ್ತರ ಬೆಳೆಯುವಾಗ ಈ ವಿಷಚಕ್ರವೂ ವೇಗ ಪಡೆಯುತ್ತದೆ. ನಮ್ಮ ಲೆಕ್ಕದಲ್ಲಿ ಇದು ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಕಾಲ.

ಇದೇ ಕಾಲದಲ್ಲಿ ಚಿಕಿತ್ಸೆಗೂ ಅವಕಾಶವಿದೆ. ಎಕ್ಸ್-ರೇ ಚಿತ್ರದಲ್ಲಿ ಪಾರ್ಶ್ವಬಾಗಿನ ಕೋನ 10 ಡಿಗ್ರಿ ದಾಟಿದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಹದಿಹರೆಯದವರಲ್ಲಿ ನೂರಕ್ಕೆ ಎರಡು-ಮೂರು ಮಂದಿಯಲ್ಲಿ ಇದು ಇರುತ್ತದೆ. ಬಹುಪಾಲು ಬಾಗುಗಳು ಚಿಕ್ಕವಾಗಿಯೇ ಉಳಿಯುತ್ತವೆ. ದೊಡ್ಡ ಬಾಗುಗಳು ಹುಡುಗಿಯರಲ್ಲಿ ಹೆಚ್ಚು. ಕೋನ ಸುಮಾರು 25ರಿಂದ 40 ಡಿಗ್ರಿ ಇದ್ದು ಬೆಳವಣಿಗೆ ಇನ್ನೂ ಬಾಕಿಯಿದ್ದರೆ ಮುಂಡಕ್ಕೆ ಪಟ್ಟಿಕವಚ ತೊಡಿಸುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ ಕವಚ ತೊಟ್ಟವರಲ್ಲಿ ಶೇ. 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟ ತಲುಪಲಿಲ್ಲ. ಬರೀ ಗಮನಿಸುತ್ತಿದ್ದವರಲ್ಲಿ ಈ ಪ್ರಮಾಣ ಶೇ. 48. ಬೆಳವಣಿಗೆ ಮುಗಿದ ಮೇಲೆ ಕವಚ ಉಪಯೋಗಕ್ಕೆ ಬಾರದು. 45-50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಆರನೆಯ ತರಗತಿಯಲ್ಲಿ ಎರಡು ನಿಮಿಷದ ಬಾಗುಪರೀಕ್ಷೆಯಿಂದ ಕಂಡದ್ದನ್ನು ಪಿ.ಯು.ಸಿ.ಯಲ್ಲಿ ಕಂಡರೆ ಆಗುವ ನಷ್ಟ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಮೊಣಕಾಲಿನ ವಿಷಯದಲ್ಲೂ ಹೀಗೆಯೇ. ಕೆಲವು ವ್ಯಾಯಾಮ ಪುಸ್ತಕಗಳು ತಾಕುವ ಮೊಣಕಾಲಿಗೆ ಕುದುರೆ ಸವಾರಿಯನ್ನೋ ತೊಡೆಗಳ ನಡುವೆ ದಿಂಬಿಟ್ಟು ನಿಲ್ಲುವುದನ್ನೋ ಪರಿಹಾರವೆಂದು ಹೇಳುತ್ತವೆ. ವ್ಯಾಯಾಮದಿಂದ ಸ್ನಾಯು ಬಲಗೊಳ್ಳುತ್ತದೆ, ಬಾಗಿದ ಎಲುಬು ನೇರವಾಗುತ್ತದೆಂಬುದಕ್ಕೆ ಆಧಾರವಿಲ್ಲ. ಅಗತ್ಯವಿದ್ದ ಮಕ್ಕಳಿಗೆ ವೈದ್ಯರು ಬೆಳವಣಿಗೆಯ ಫಲಕದ ಒಂದು ಬದಿಗೆ ಪುಟ್ಟ ಲೋಹದ ಪಟ್ಟಿ ಕೂರಿಸುತ್ತಾರೆ. ಆ ಬದಿಯ ಬೆಳವಣಿಗೆ ತಡೆದಾಗ ಇನ್ನೊಂದು ಬದಿ ಬೆಳೆದು ಕಾಲು ತಾನಾಗಿ ನೇರವಾಗುತ್ತದೆ. ಬಾಗಿಗೆ ಕಾರಣವಾದ ನಿಯಮವನ್ನೇ ಬಾಗು ತಿದ್ದಲು ಬಳಸುವ ಈ ಉಪಾಯಕ್ಕೂ ಬೆಳವಣಿಗೆ ಬಾಕಿ ಇರಲೇಬೇಕು.

ರಚನಾತ್ಮಕ ದೋಷಗಳ ಮೂಲ ಹಲವು. ವಿಟಮಿನ್ 'ಡಿ' ಮತ್ತು ಕ್ಯಾಲ್ಸಿಯಂ ಕೊರತೆಯಿಂದ ರಿಕೆಟ್ಸ್ ಬಂದು ಕಾಲು ಬಾಗಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೂ ಬಾಗಬಹುದು. ನೆರೆಯ ಗದಗ ಜಿಲ್ಲೆಯ ಮುಂಡರಗಿ ಭಾಗದ ಫ್ಲೋರೈಡ್ ಸಮಸ್ಯೆ ಬಹುಕಾಲದಿಂದ ಗೊತ್ತಿರುವಂಥದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿ.ಗ್ರಾಂ. ಮಿತಿ. ಕೊಳವೆಬಾವಿಯ ನೀರನ್ನೇ ಕುಡಿಯುವ ಊರಿನಲ್ಲಿ ಹಲವು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿದ್ದರೆ ನೀರಿನ ಪರೀಕ್ಷೆ ಮಾಡಿಸಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲು-ಎಲುಬಿನ ಕಾಯಿಲೆ ವಂಶವಾಹಿಗಳಿಗೆ ಸಂಬಂಧಿಸಿದ್ದು. ಇನ್ನು ಬೆನ್ನಿನ ಒಂದೇ ಜಾಗದಲ್ಲಿ ಮೊನಚಾದ ಉಬ್ಬು, ಜೊತೆಗೆ ಜ್ವರ, ತೂಕ ಇಳಿಕೆ, ರಾತ್ರಿಯ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಇದು ಔಷಧದಿಂದ ಗುಣವಾಗುವ ರೋಗ, ತಡವಾದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು.

ಚೀಲದ ಪಾತ್ರ ಎಷ್ಟು?

ಶಾಲಾ ಚೀಲದ ಭಾರದ ಚರ್ಚೆಗೆ ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ಅವರ ಹೆಸರು ತಳಕು ಹಾಕಿಕೊಂಡಿದೆ. ನಾಮಕರಣ ಸದಸ್ಯರಾಗಿ ಅವರು ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಇದೇ ಆಗಿತ್ತು. ಮುಂದೆ ಭೌತವಿಜ್ಞಾನಿ ಯಶ್ ಪಾಲ್ ಅವರ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ನೀಡಿತು. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿ 2023ರಲ್ಲಿ ಪುನಃ ನೆನಪಿಸಿದ ಆದೇಶದ ಪ್ರಕಾರ ಚೀಲದ ತೂಕ 1-2ನೆಯ ತರಗತಿಗೆ 1.5ರಿಂದ 2 ಕಿ.ಗ್ರಾಂ., 3-5ಕ್ಕೆ 2ರಿಂದ 3, 6-8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕಿ.ಗ್ರಾಂ. ದೇಹತೂಕದ ಹತ್ತನೆಯ ಒಂದು ಭಾಗ ಎಂಬುದು ಸಾಮಾನ್ಯ ಸೂತ್ರ.

30 ಕಿ.ಗ್ರಾಂ. ತೂಕದ ಹುಡುಗ 4 ಕಿ.ಗ್ರಾಂ. ಚೀಲವನ್ನು ಬೆನ್ನಿಗೆ ಜೋತು ಹಾಕಿದ್ದಾನೆ, ಚೀಲದ ಗುರುತ್ವ ಕೇಂದ್ರ ಅವನ ದೇಹದ ಗುರುತ್ವ ಕೇಂದ್ರಕ್ಕಿಂತ 15 ಸೆಂ.ಮೀ. ಹಿಂದಿದೆ ಎನ್ನಿ. ಒಟ್ಟು ಗುರುತ್ವ ಕೇಂದ್ರ (4 × 15) ÷ 34, ಅಂದರೆ ಸುಮಾರು 1.8 ಸೆಂ.ಮೀ. ಹಿಂದೆ ಸರಿಯುತ್ತದೆ. ಅದನ್ನು ಪಾದಗಳ ಮೇಲೆ ಮರಳಿ ತರಲು ಅವನು ಮುಂದೆ ಬಾಗುತ್ತಾನೆ. ಪಟ್ಟಿಗಳನ್ನು ಬಿಗಿಮಾಡಿ, ಭಾರದ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಜೋಡಿಸಿ ದೂರವನ್ನು 10 ಸೆಂ.ಮೀ.ಗೆ ಇಳಿಸಿದರೆ ಸರಿತ 1.2 ಸೆಂ.ಮೀ.ಗೆ ಇಳಿಯುತ್ತದೆ. ಚೀಲವನ್ನು ಒಂದೇ ಹೆಗಲಿಗೆ ಹಾಕಿದರೆ ಮಗು ಪಕ್ಕಕ್ಕೆ ವಾಲಲೇಬೇಕು.

ಆದರೆ ಒಂದು ಎಚ್ಚರಿಕೆ. ಚೀಲ ಹೊರುವುದರಿಂದ ರಚನಾತ್ಮಕ ಸ್ಕೋಲಿಯೋಸಿಸ್ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಚೀಲ ಇಳಿಸಿದ ಮೇಲೂ ಭುಜ ಓರೆಯಾಗಿಯೇ ಇದ್ದರೆ "ಚೀಲದಿಂದ ಹೀಗಾಗಿದೆ, ಸರಿಹೋಗುತ್ತದೆ" ಎಂದು ಸುಮ್ಮನಿರಬೇಡಿ, ಬಾಗುಪರೀಕ್ಷೆ ಮಾಡಿ.

ಕೂರುವ ಬಗೆ

ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಸೊಂಟದ ತಟ್ಟೆಯೊಳಗೆ ಸೂಜಿ ತೂರಿಸಿ ಒತ್ತಡ ಅಳೆದಿದ್ದರು. ನಿಂತಾಗಿನ ಒತ್ತಡವನ್ನು 100 ಎಂದುಕೊಂಡರೆ ಅಂಗಾತ ಮಲಗಿದಾಗ 25, ನೆಟ್ಟಗೆ ಕುಳಿತಾಗ 140, ಮುಂದೆ ಬಾಗಿ ಕುಳಿತಾಗ 185 ಎಂಬ ಅವರ ಅಂಕಿಗಳು ಪ್ರಸಿದ್ಧವಾಗಿವೆ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಹೊಸ ಸಂವೇದಕದಿಂದ ಒಬ್ಬ ವ್ಯಕ್ತಿಯಲ್ಲಿ ಅಳೆದಾಗ, ಸಡಿಲವಾಗಿ ಕುಳಿತಾಗಿನ ಒತ್ತಡ ನಿಂತಾಗಿಗಿಂತ ಹೆಚ್ಚಿರಲಿಲ್ಲ. ಮುಂದೆ ಬಾಗಿದಾಗ ಒತ್ತಡ ಏರುತ್ತದೆಂಬುದು ಮಾತ್ರ ಎರಡರಲ್ಲೂ ಕಂಡಿತು. ಹಾಗಾಗಿ ಇಂದಿನ ತಿಳಿವಳಿಕೆ ಹೀಗಿದೆ: ಗಂಟೆಗಟ್ಟಲೆ ಕಾಯ್ದುಕೊಳ್ಳಬೇಕಾದ ಒಂದೇ ಒಂದು 'ಸರಿಯಾದ ಭಂಗಿ' ಇಲ್ಲ. ಅಲುಗಾಡದೆ ಒಂದೇ ಭಂಗಿಯಲ್ಲಿ ಉಳಿಯುವುದೇ ತೊಂದರೆ.

ನಲಿ-ಕಲಿ ತರಗತಿಗಳಲ್ಲಿ ನೆಲದ ಮೇಲೆ, ಗಿಡ್ಡ ಮೇಜಿನ ಸುತ್ತ ಕೂರುವ ಮಕ್ಕಳು ಆಗಾಗ ಏಳುತ್ತ, ಜಾಗ ಬದಲಿಸುತ್ತ ಇರುವುದು ಒಳ್ಳೆಯದೇ. ಮೇಲಿನ ತರಗತಿಗಳಲ್ಲಿ ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಎಬ್ಬಿಸಿ ಕೈ ಮೇಲೆತ್ತಿಸಿ. ಬೆಂಚಿನ ಮೇಲೆ ಪಾದಗಳು ನೇತಾಡುವ ಗಿಡ್ಡ ಮಕ್ಕಳಿಗೆ ಕಾಲೂರಲು ಹಲಗೆ ಕೊಡಿ. ಪುಸ್ತಕಕ್ಕೆ ಮೂಗು ತಾಗಿಸಿ ಬರೆಯುವ ಮಗುವಿನ ಬೆನ್ನನ್ನು ತಿದ್ದುವ ಮೊದಲು ಕಣ್ಣನ್ನು ಪರೀಕ್ಷಿಸಿ. ಹಲವು ಬಾರಿ ದೋಷ ಇರುವುದು ದೃಷ್ಟಿಯಲ್ಲಿ. ಮೈ ಬೆಳೆಯುವ ವಯಸ್ಸಿನ ಹುಡುಗಿಯರು ಸಂಕೋಚದಿಂದ ಭುಜ ಮುಂದೆ ಎಳೆದುಕೊಳ್ಳುವುದುಂಟು. ಅವರಿಗೆ ಬೇಕಾದದ್ದು ಗದರಿಕೆಯಲ್ಲ, ಶಿಕ್ಷಕಿಯ ಒಂದು ಆತ್ಮೀಯ ಮಾತು.

ಮಗ್ಗದ ಮುಂದೆ ಕೂರುವ, ನೆಲಕ್ಕೆ ಬಾಗಿ ರೊಟ್ಟಿ ಬಡಿಯುವ, ಸಾಲಿನುದ್ದಕ್ಕೂ ಬಗ್ಗಿ ಹತ್ತಿ ಬಿಡಿಸುವ ದೊಡ್ಡವರಿಗೂ ಇದೇ ಮಾತು ಸಲ್ಲುತ್ತದೆ. ಒಂದೊಂದು ಸಾಲು ಮುಗಿದಾಗ ಎದ್ದು, ಕೈಗಳನ್ನು ಸೊಂಟಕ್ಕಿಟ್ಟು ನಿಧಾನವಾಗಿ ಹಿಂದೆ ಬಾಗುವುದು, ಉಡಿ ತುಂಬಿ ತೂಗುವ ಮೊದಲೇ ಬರಿದು ಮಾಡುವುದು ದುಡ್ಡಿಲ್ಲದ ಉಪಾಯಗಳು.

ಕ್ರಿಯಾತ್ಮಕ ದೋಷಕ್ಕೆ ವ್ಯಾಯಾಮ

ಸೂತ್ರ ಒಂದೇ: ಸಡಿಲವಾದ ಹಗ್ಗವನ್ನು ಬಿಗಿಗೊಳಿಸಿ, ಬಿಗಿಯಾದದ್ದನ್ನು ಸಡಿಲಿಸಿ.

ಮುಂಚಾಚಿದ ತಲೆಗೆ: ಗೋಡೆಗೆ ಬೆನ್ನು ತಾಗಿಸಿ ನಿಂತು, ಗಲ್ಲವನ್ನು ಮೇಲೆತ್ತದೆ ಒಳಕ್ಕೆ ಎಳೆದು ತಲೆಯ ಹಿಂಭಾಗವನ್ನು ಗೋಡೆಗೆ ಒತ್ತುವುದು. ಐದು ಸೆಕೆಂಡಿನಂತೆ ಹತ್ತು ಬಾರಿ.

ಗೂನಿಗೆ: ಬೆನ್ನಿಗೆ ಭುಜಂಗಾಸನ, ಶಲಭಾಸನ. ಬಿಗಿಯಾದ ಎದೆಗೆ, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಯಿಟ್ಟು ಒಂದು ಹೆಜ್ಜೆ ಮುಂದಿಟ್ಟು ಎದೆ ಹಿಗ್ಗಿಸುವುದು.

ಸೊಂಟದ ಒಳಬಾಗಿಗೆ: ಅಂಗಾತ ಮಲಗಿ ಮೊಣಕಾಲು ಮಡಚಿ, ಹೊಟ್ಟೆಯ ಸ್ನಾಯು ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು. ಒಂದು ಮೊಣಕಾಲೂರಿ ಇನ್ನೊಂದು ಪಾದ ಮುಂದಿಟ್ಟು ತೊಡೆಯ ಮುಂಭಾಗವನ್ನು ಹಿಗ್ಗಿಸುವುದು.

ಇವನ್ನು ದಿನಕ್ಕೆ ಹತ್ತು ನಿಮಿಷದಂತೆ ಎರಡು-ಮೂರು ತಿಂಗಳು ಬಿಡದೆ ಮಾಡಬೇಕು. ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕಬಡ್ಡಿ, ಖೋ ಖೋ, ಈಜು - ಇಡೀ ದೇಹ ದುಡಿಯುವ ಯಾವ ಆಟವಾದರೂ ಇವಕ್ಕೆ ಪೂರಕ.

ಎಲ್ಲಿಗೆ ಕಳಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ಆರೋಗ್ಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಬಾರಿ ಭೇಟಿ ಕೊಡಬೇಕು. ಹುಟ್ಟಿನಿಂದ ಬಂದ ತಿರುಚುಪಾದ, ಸೊಂಟದ ಕೀಲಿನ ದೋಷ, ರಿಕೆಟ್ಸ್ ಮುಂತಾದವು ಈ ತಂಡದ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆ ಉಚಿತ. ತಿರುಚುಪಾದವನ್ನು ಹುಟ್ಟಿದ ಕೆಲವು ವಾರಗಳಲ್ಲೇ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ತಿದ್ದುವ ಪೊನ್‌ಸೆಟಿ ವಿಧಾನ ಬಹುತೇಕ ಮಕ್ಕಳಲ್ಲಿ ಯಶಸ್ವಿಯಾಗಿದೆ. ನಿಮ್ಮ ವಿದ್ಯಾರ್ಥಿಯ ಮನೆಯ ಕೂಸಿಗೆ ಇದು ಅನ್ವಯಿಸಬಹುದು. ತಂಡ ಬರುವ ದಿನ ನಿಮ್ಮ ಬಳಿ ಹೆಸರು, ಕಂಡ ದೋಷ ಮತ್ತು ಅಳತೆಯ ಪಟ್ಟಿ ಸಿದ್ಧವಿದ್ದರೆ ಅವರ ಕೆಲಸ ಹಗುರವಾಗುತ್ತದೆ. ನೋವು, ಕಾಲಿನಲ್ಲಿ ಜೋಮು ಅಥವಾ ನಿಶ್ಶಕ್ತಿ, ಜ್ವರ, ವೇಗವಾಗಿ ಹೆಚ್ಚುವ ಬಾಗು ಇದ್ದರೆ ತಂಡಕ್ಕಾಗಿ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಅಲ್ಲಿಂದ ಬೆಳಗಾವಿಯ ಎಲುಬುತಜ್ಞರ ಬಳಿ ಕಳಿಸುತ್ತಾರೆ.

ಮಾಡಿ ನೋಡಿ

ಬೆನ್ನಿನ ತಟ್ಟೆಗಳಲ್ಲಿ ನೀರಿನಂಶ ಹೆಚ್ಚು. ಹಗಲಿಡೀ ದೇಹದ ಭಾರಕ್ಕೆ ಸ್ವಲ್ಪ ನೀರು ಹೊರಕ್ಕೆ ಹಿಂಡುತ್ತದೆ, ರಾತ್ರಿ ಮಲಗಿದಾಗ ಮರಳುತ್ತದೆ. ಆದ್ದರಿಂದ ನಾವು ಬೆಳಿಗ್ಗೆ ತುಸು ಎತ್ತರ, ಸಂಜೆ ತುಸು ಗಿಡ್ಡ. ವ್ಯತ್ಯಾಸ ಎತ್ತರದ ಸುಮಾರು ಶೇ. 1. ವಿದ್ಯಾರ್ಥಿಗಳು ಎದ್ದ ಕೂಡಲೇ ಮತ್ತು ಮಲಗುವ ಮುನ್ನ ಗೋಡೆಗೆ ನಿಂತು, ತಲೆಯ ಮೇಲೆ ಪುಸ್ತಕವಿಟ್ಟು ಮನೆಯವರಿಂದ ಗುರುತು ಹಾಕಿಸಿ, ಒಂದು ವಾರದ ಸರಾಸರಿ ತೆಗೆಯಲಿ. ರಜಾದಿನಕ್ಕೂ ಹೊಲದ ಕೆಲಸದ ದಿನಕ್ಕೂ ವ್ಯತ್ಯಾಸವಿದೆಯೇ ಎಂದು ಹೋಲಿಸಲಿ. ಅದೇ ವಾರ ನೀವು ಆರರಿಂದ ಹತ್ತನೆಯ ತರಗತಿಯ ಮಕ್ಕಳ ಬಾಗುಪರೀಕ್ಷೆ ಮುಗಿಸಿ. ಒಬ್ಬರಿಗೆ ಎರಡು ನಿಮಿಷದಂತೆ ನಲವತ್ತು ಮಕ್ಕಳ ತರಗತಿಗೆ ಎರಡು ಪಿರಿಯಡ್ ಸಾಕು.